ಹಣ ಹೋಯ್ತು, ‘ನಾಳೆ ಬರ್ರಿ’ ಉಳೀತು

ಎಟಿಎಂ ಮಿಷನ್ನು ಗರಗರ ಅಂತು, ನೋಟು ಬರಲಿಲ್ಲ, ಖಾತೆಯಲ್ಲಿ ಮಾತ್ರ ಹತ್ತು ಸಾವಿರ ಖರ್ಚು ಬಿತ್ತು. ದಾವಣಗೆರೆಯ ಮಂಡಿಪೇಟೆಯಿಂದ ಹಿಡಿದು ಹರಿಹರದ ಬಸ್ ನಿಲ್ದಾಣದವರೆಗೆ ಈ ಮಾತು ಕೇಳದ ಅಂಗಡಿಕಟ್ಟೆ ಇಲ್ಲ. ಬ್ಯಾಂಕಿಗೆ ಹೋಗಿ ಕೇಳಿದರೆ ಬರುವ ಉತ್ತರವೂ ಈಗ ಎಲ್ಲರಿಗೂ ಬಾಯಿಪಾಠ. “ತಾನಾಗೇ ವಾಪಸ್ ಬರ್ತೈತ್ರಿ, ಒಂದು ವಾರ ನೋಡ್ರಿ.” ವಾರ ಬಿಟ್ಟು ಹೋದರೆ, “ಹೆಡ್ ಆಫೀಸಿಗೆ ಬರೆದೀವಿ, ನಾಳೆ ಬರ್ರಿ.” ಆ ಹೆಡ್ ಆಫೀಸು ಎಲ್ಲಿದೆಯೋ, ಬರೆದ ಕಾಗದ ಎಲ್ಲಿದೆಯೋ ದುರ್ಗಮ್ಮನಿಗೇ ಗೊತ್ತು. ಮೂರನೇ ಸಲ ಹೋಗುವ ಹೊತ್ತಿಗೆ ಮೊದಲು ಮಾತಾಡಿದ ಹುಡುಗನಿಗೆ ವರ್ಗ ಆಗಿರುತ್ತದೆ. ಹೊಸದಾಗಿ ಬಂದವರಿಗೆ ಕನ್ನಡ ಬಾರದು, ಗಿರಾಕಿಗೆ ಹಿಂದಿ ಬಾರದು. ಕೈಸನ್ನೆಯಲ್ಲಿ ಹತ್ತು ಸಾವಿರದ ಲೆಕ್ಕ ಹೇಳುವುದು ಹೇಗೆ ಸ್ವಾಮಿ?

ಹತ್ತು ಸಾವಿರ ಎಂಬುದು ದೊಡ್ಡವರಿಗೆ ಒಂದು ಹೊತ್ತಿನ ಊಟದ ಬಿಲ್ಲು ಇರಬಹುದು. ಸಣ್ಣ ಕಿರಾಣಿ ಅಂಗಡಿಯವನಿಗೆ ಅದು ಬೆಳಗ್ಗೆ ಮಂಡಿಗೆ ಹಿಡಿದು ಹೋಗುವ ಬಂಡವಾಳ. ಅದು ಸಿಕ್ಕಿಬಿದ್ದರೆ ಆತ ಮಂಡಿಯಲ್ಲಿ ಉದ್ರಿ ಹೇಳಬೇಕು, ಇಲ್ಲವೇ ಕೈಗಡ ತರಬೇಕು, ಕೈಗಡಕ್ಕೆ ಬಡ್ಡಿ ಕಟ್ಟಬೇಕು. ಅದೇ ಮನುಷ್ಯ ಸಾಲದ ಕಂತು ನಾಲ್ಕು ದಿನ ತಡ ಮಾಡಲಿ ನೋಡೋಣ. “ತಾನಾಗೇ ಬರ್ತೈತಿ, ಒಂದು ವಾರ ನೋಡೋಣ” ಎಂದು ಬ್ಯಾಂಕಿನ ಕಂಪ್ಯೂಟರು ಸುಮ್ಮನಿರುತ್ತದೆಯೇ? ದಂಡ ಎಳೆದೇ ಎಳೆಯುತ್ತದೆ.

ವಿಷಯ ಏನಪ್ಪಾ ಅಂದರೆ, ಬ್ಯಾಂಕಿಗೂ ದಂಡ ಉಂಟು. ಅದನ್ನು ಮಾತ್ರ ಕೌಂಟರಿನಲ್ಲಿ ಯಾರೂ ಬಾಯಿ ಬಿಡುವುದಿಲ್ಲ.

ರಿಸರ್ವ್ ಬ್ಯಾಂಕು 2019ರ ಸೆಪ್ಟೆಂಬರ್ 20ರಂದು ಒಂದು ಸುತ್ತೋಲೆ ಹೊರಡಿಸಿದೆ. ಎಟಿಎಂನಲ್ಲಿ ನೋಟು ಬಾರದೆ ಖಾತೆಯಲ್ಲಿ ಖರ್ಚು ಬಿದ್ದರೆ, ವ್ಯವಹಾರದ ದಿನ ಬಿಟ್ಟು 5 ದಿನದೊಳಗೆ ಹಣ ತಾನಾಗಿ ಜಮಾ ಆಗಬೇಕು. ಅಲ್ಲಿಂದಾಚೆಗೆ ತಡವಾದ ಪ್ರತಿ ದಿನಕ್ಕೂ 100 ರೂಪಾಯಿ ಪರಿಹಾರ ಸೇರಿಸಿ ಕೊಡಬೇಕು. 1ನೇ ತಾರೀಖು ಖರ್ಚು ಬಿದ್ದದ್ದು 6ರೊಳಗೆ ಬರಬೇಕು. 26ಕ್ಕೆ ಬಂತು ಅನ್ನಿ, 20 ದಿನದ ತಡ, 2,000 ರೂಪಾಯಿ. ನಡುವೆ ಭಾನುವಾರ ಬಂತು, ಹಬ್ಬ ಬಂತು ಎಂಬ ಸಬೂಬು ನಡೆಯದು. ದಿನದ ಲೆಕ್ಕ ಕ್ಯಾಲೆಂಡರಿನ ಲೆಕ್ಕ ಎಂದು ಸುತ್ತೋಲೆಯೇ ಹೇಳಿದೆ. ಇದಕ್ಕೂ ಹಿಂದೆ, 2011ರ ನಿಯಮದಲ್ಲಿ, 7 ಕೆಲಸದ ದಿನಗಳ ಗಡುವಿತ್ತು. ಪರಿಹಾರ ಬೇಕಾದವನು 30 ದಿನದೊಳಗೆ ದೂರು ಕೊಟ್ಟಿರಬೇಕಿತ್ತು. 2019ರಲ್ಲಿ ಆ ಷರತ್ತೂ ಹೋಯಿತು. ಗಿರಾಕಿ ಬಾಯಿ ಬಿಡದಿದ್ದರೂ ಬ್ಯಾಂಕು ತಾನೇ ಲೆಕ್ಕ ಹಾಕಿ ಪರಿಹಾರ ಜಮಾ ಮಾಡಬೇಕು ಎಂಬುದು ಈಗಿನ ನಿಯಮ.

ಕೇಳದೆ ಕೊಡಬೇಕಾದ ಹಣ ಕೇಳಿದರೂ ಸಿಗದಿರುವುದಕ್ಕೆ ಕಾರಣ ಬ್ಯಾಂಕಿನ ಜಿಪುಣತನ ಒಂದೇ ಅಲ್ಲ. ನಮ್ಮ ಜನ ಬಾಯಿಮಾತಿನಲ್ಲಿ ದೂರು ಹೇಳಿ ಬರುತ್ತಾರೆ. ಬಾಯಿಮಾತಿಗೆ ತಾರೀಖೂ ಇಲ್ಲ, ನಂಬರೂ ಇಲ್ಲ, ಸಾಕ್ಷಿಯೂ ಇಲ್ಲ. ನಾಲ್ಕು ಸಲ ಮೆಟ್ಟಿಲು ಹತ್ತಿ ಇಳಿದವನು ಕೊನೆಗೆ ಹಣ ಬಂದರೆ ಸಾಕಪ್ಪಾ ಎಂದು ಕೈಮುಗಿದು ಹೋಗುತ್ತಾನೆ. ಇದೇ ವ್ಯಾಪಾರಿ ತನ್ನ ಅಂಗಡಿಯಲ್ಲಿ ನಾಲ್ಕಾಣೆ ಉದ್ರಿಯನ್ನೂ ಕಿರ್ದಿಯಲ್ಲಿ ಬರೆಯದೆ ಬಿಟ್ಟವನಲ್ಲ. ಪಿಗ್ಮಿ ಪದ್ಧತಿಯನ್ನು 1928ರಲ್ಲಿ ಶುರು ಮಾಡಿದ್ದು ಉಡುಪಿಯ ಬ್ಯಾಂಕು, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾಗಿ 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಲೀನವಾದದ್ದು. ಪಿಗ್ಮಿಯವನು ಅಂಗಡಿ ಬಾಗಿಲಿಗೆ ಬಂದು ಹಣ ಎಣಿಸಿಕೊಂಡರೆ, ಗುರುತು ಹಾಕಿದ ಕಾಗದ ಕೈಗೆ ಬರುವತನಕ ಅಂಗಡಿಯವನು ಅವನನ್ನು ಬಿಡುತ್ತಿರಲಿಲ್ಲ. ಆ ಜಾಣತನ ಬ್ಯಾಂಕಿನ ಗಾಜಿನ ಬಾಗಿಲು ದಾಟಿದೊಡನೆ ಎಲ್ಲಿ ಹೋಗುತ್ತದೋ.

ಬರೆಯುವುದೂ ಕಷ್ಟದ ಕೆಲಸವಲ್ಲ. ಒಂದು ಬಿಳಿ ಹಾಳೆ, ಕನ್ನಡದಲ್ಲೇ ಎಂಟು ಸಾಲು. ಖಾತೆ ನಂಬರು, ಎಟಿಎಂ ಇರುವ ಜಾಗ, ತಾರೀಖು, ಹೊತ್ತು, ಎಷ್ಟು ಹಣ, ಚೀಟಿಯಲ್ಲಿರುವ ನಂಬರು. ಕೊನೆಗೆ “ತಡವಾದ ದಿನಗಳಿಗೆ ನಿಯಮದಂತೆ ಪರಿಹಾರ ಸೇರಿಸಿ ಜಮಾ ಮಾಡಬೇಕು” ಎಂಬ ಒಂದು ಸಾಲು. ಎರಡು ಪ್ರತಿ ಮಾಡಿಸಿ, ಒಂದರ ಮೇಲೆ ಸೀಲು, ಸಹಿ, ತಾರೀಖು ಹಾಕಿಸಿಕೊಳ್ಳಬೇಕು. “ಸೀಲು ಹಾಕಂಗಿಲ್ರಿ” ಅಂದರೆ ಅಂಚೆ ಕಚೇರಿ ಪಕ್ಕದಲ್ಲೇ ಇರುತ್ತದೆ. ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀತಿ ಇಟ್ಟುಕೊಂಡರಾಯಿತು. ಎಟಿಎಂ ಚೀಟಿಯನ್ನು ಅವತ್ತೇ ಜೆರಾಕ್ಸ್ ಮಾಡಿಸುವುದು ಒಳ್ಳೆಯದು. ಆ ಕಾಗದದ ಅಕ್ಷರ ಅಂಗಿ ಜೇಬಿನ ಬೆವರಿಗೇ ಅಳಿಸಿ ಹೋಗುತ್ತದೆ. ಇನ್ನೊಂದು ಮಾತು. ಎಟಿಎಂ ಯಾವ ಬ್ಯಾಂಕಿನದೇ ಆಗಿರಲಿ, ದೂರು ಕೊಡಬೇಕಾದ್ದು ಕಾರ್ಡು ಕೊಟ್ಟ ತನ್ನ ಬ್ಯಾಂಕಿಗೆ. “ಅದು ನಮ್ಮ ಮಿಷನ್ ಅಲ್ರಿ, ಆ ಬ್ಯಾಂಕಿಗೇ ಹೋಗ್ರಿ” ಎಂದು ರಸ್ತೆ ದಾಟಿಸುವುದು ಹಳೆಯ ಆಟ.

ಮಿಷನ್ನು ಹಣ ಕೊಟ್ಟಿತೋ ಇಲ್ಲವೋ ಎಂದು ತಿಳಿಯುವುದು ಬ್ಯಾಂಕಿಗೆ ಬ್ರಹ್ಮವಿದ್ಯೆಯೂ ಅಲ್ಲ. ಪ್ರತಿ ವ್ಯವಹಾರದ ದಾಖಲೆ ಅದರ ಹೊಟ್ಟೆಯಲ್ಲೇ ಇರುತ್ತದೆ. ಹೊರಬಾರದ ನೋಟು ಹಣ ತುಂಬುವವರು ತಾಳೆ ನೋಡುವಾಗ ಹೆಚ್ಚುವರಿಯಾಗಿ ಕೈಗೆ ಸಿಗುತ್ತದೆ. ಮೇಲೆ ಕ್ಯಾಮೆರಾ ಬೇರೆ. ಇಷ್ಟೆಲ್ಲ ಬ್ಯಾಂಕಿನ ಕೈಯಲ್ಲೇ ಇರುವಾಗ ಗಿರಾಕಿಯನ್ನು ಕಳ್ಳನಂತೆ ನಿಲ್ಲಿಸಿ “ನೀವು ತಗೊಂಡಿಲ್ಲ ಅನ್ನೋದಕ್ಕೆ ಏನ್ ಪ್ರೂಫು?” ಎಂದು ಕೇಳುವುದು ಯಾವ ನ್ಯಾಯ?

ಈಗ ಅಂಗಡಿಗಳಲ್ಲಿ ಎಟಿಎಂಗಿಂತ ದೊಡ್ಡ ತಕರಾರು ಮಾತಾಡುವ ಡಬ್ಬಿಯದು. ಗಿರಾಕಿಯ ಮೊಬೈಲಿನಲ್ಲಿ ಹಣ ಕಟ್ ಆಗಿರುತ್ತದೆ, ಡಬ್ಬಿ ಮಾತ್ರ ಮೌನವ್ರತ. “ನಂದು ಹೋಗೈತಣ್ಣ.” “ನನಗೆ ಬಂದಿಲ್ಲಪ್ಪ.” ಹಿಂದೆ ನಾಲ್ಕು ಜನ ನಿಂತಿರುತ್ತಾರೆ, ಬಸ್ಸು ಹಾರ್ನ್ ಹೊಡೆಯುತ್ತಿರುತ್ತದೆ. ಇಬ್ಬರೂ ಸುಳ್ಳರಲ್ಲ. ಹಣ ನಡುದಾರಿಯಲ್ಲಿದೆ, ಅಷ್ಟೇ. ಅಂಗಡಿಯ ಕೋಡಿಗೆ ಕಳಿಸಿದ ಹಣ ಕಟ್ ಆಗಿ, ಅಂಗಡಿಗೆ ಬಂದ ಖಾತ್ರಿ ಸಿಗದಿದ್ದರೆ 5 ದಿನದೊಳಗೆ ಗಿರಾಕಿಯ ಖಾತೆಗೆ ವಾಪಸ್ ಬರಬೇಕು. ಒಬ್ಬರ ಖಾತೆಯಿಂದ ಇನ್ನೊಬ್ಬರ ಖಾತೆಗೆ ಕಳಿಸಿದ್ದಾದರೆ ಗಡುವು ಮರುದಿನದವರೆಗೆ ಮಾತ್ರ. ಎರಡರಲ್ಲೂ ಗಡುವು ಮೀರಿದರೆ ದಿನಕ್ಕೆ ಅದೇ 100 ರೂಪಾಯಿ. ದೂರು ಕೊಡಬೇಕಾದವನು ಹಣ ಕಳಿಸಿದವನು. ಅದಕ್ಕೆ ಬೇಕಾದ್ದು ಮೊಬೈಲಿನಲ್ಲಿ ಕಾಣುವ 12 ಅಂಕಿಯ ನಂಬರು. ಅಂಗಡಿಯವನು ಆ ನಂಬರನ್ನು ತನ್ನ ಪುಸ್ತಕದಲ್ಲೂ ಬರೆದಿಟ್ಟುಕೊಂಡರೆ ಮೂರು ದಿನದ ಮೇಲೆ ಮುಖ ಕೆಡಿಸಿಕೊಳ್ಳುವುದು ತಪ್ಪುತ್ತದೆ. ಹತ್ತು ವರ್ಷದ ಖಾಯಂ ಗಿರಾಕಿ ನೂರೈವತ್ತು ರೂಪಾಯಿಯ ಜಗಳಕ್ಕೆ ಎದುರಿನ ಅಂಗಡಿಗೆ ಹೋದರೆ ಆ ನಷ್ಟವನ್ನು ಯಾವ ಬ್ಯಾಂಕೂ ತುಂಬಿಕೊಡುವುದಿಲ್ಲ.

ಎಲ್ಲದಕ್ಕೂ ಬ್ಯಾಂಕಿನವರನ್ನೇ ಬೈಯುವುದೂ ಸರಿಯಲ್ಲ. ಕೌಂಟರಿನಲ್ಲಿ ಕೂತವರು ಮೂರು ಜನರ ಕೆಲಸ ಒಬ್ಬರೇ ಮಾಡುತ್ತಾ, ವಿಮೆ ಮಾರು, ಕಾರ್ಡು ಮಾರು ಎಂಬ ಮೇಲಿನವರ ಕಾಟವನ್ನೂ ತಡೆದುಕೊಂಡು ಕೂತಿರುತ್ತಾರೆ. ತಾನೇ ತಪ್ಪು ನಂಬರಿಗೆ ಕಳಿಸಿದವನು, ಫೋನಿನಲ್ಲಿ ಒಟಿಪಿ ಹೇಳಿದವನು 100 ರೂಪಾಯಿಯ ನಿಯಮ ಹಿಡಿದು ಕೂಗಾಡಿದರೆ ಪ್ರಯೋಜನವಿಲ್ಲ. ಮೋಸವಾದವನು ತಕ್ಷಣ 1930ಕ್ಕೆ ಫೋನ್ ಮಾಡಬೇಕು, ಬ್ಯಾಂಕಿಗೂ ಅವತ್ತೇ ತಿಳಿಸಬೇಕು. ಇನ್ನು ಬ್ಯಾಂಕಿನ ಸಹಾಯವಾಣಿಯ ನಂಬರನ್ನು ಇಂಟರ್ನೆಟ್ಟಿನಲ್ಲಿ ಹುಡುಕಿ ಫೋನ್ ಮಾಡುವವರು ಹೋದ ಹತ್ತು ಸಾವಿರದ ಜೊತೆ ಉಳಿದ ಇಪ್ಪತ್ತನ್ನೂ ಕಳೆದುಕೊಳ್ಳುತ್ತಾರೆ. ನಂಬರು ಪಾಸ್‌ಬುಕ್ಕಿನಲ್ಲಿದೆ, ಕಾರ್ಡಿನ ಹಿಂದೆ ಇದೆ. ಅದು ಸಾಲದೇ?

ಬರೆದುಕೊಟ್ಟು 30 ದಿನವಾದರೂ ಬ್ಯಾಂಕು ಉತ್ತರ ಕೊಡದಿದ್ದರೆ, ಅಥವಾ ಕೊಟ್ಟ ಉತ್ತರ ಒಪ್ಪುವಂಥದ್ದಲ್ಲದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಇದ್ದಾರೆ. 1995ರಿಂದಲೂ ಇರುವ ಈ ಏರ್ಪಾಡನ್ನು 2021ರ ನವೆಂಬರ್ 12ರಂದು ದೇಶಕ್ಕೆಲ್ಲ ಒಂದೇ ಯೋಜನೆಯಾಗಿ ಮಾಡಲಾಯಿತು. ಫೀಸು ಇಲ್ಲ, ವಕೀಲರು ಬೇಡ, ಬೆಂಗಳೂರಿಗೆ ಬಸ್ ಹತ್ತುವ ಅಗತ್ಯವೂ ಇಲ್ಲ. ದೂರನ್ನು ಇಂಟರ್ನೆಟ್ಟಿನಲ್ಲಿ ದಾಖಲಿಸಬಹುದು, ಇಲ್ಲವೇ ಚಂಡೀಗಢದಲ್ಲಿರುವ ರಿಸರ್ವ್ ಬ್ಯಾಂಕಿನ ದೂರು ಕೇಂದ್ರಕ್ಕೆ ಟಪಾಲಿನಲ್ಲಿ ಕಳಿಸಬಹುದು. ದಾರಿ ತಿಳಿಯದಿದ್ದರೆ 14448ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಕೇಳಬಹುದು. ಆದರೆ ಬ್ಯಾಂಕಿಗೆ ಮೊದಲು ದೂರು ಕೊಟ್ಟದ್ದಕ್ಕೆ ದಾಖಲೆ ಇಲ್ಲದಿದ್ದರೆ ಅಲ್ಲಿಯೂ ಬಾಗಿಲು ತೆರೆಯದು. ಸುತ್ತಿ ಬಳಸಿ ಮಾತು ಅದೇ ಸೀಲು ಬಿದ್ದ ಕಾಗದಕ್ಕೇ ಬರುತ್ತದೆ. ಪತ್ತಿನ ಸಹಕಾರಿ ಸಂಘಗಳಲ್ಲಿ ಹಣ ಇಟ್ಟವರು ಮಾತ್ರ ಈ ದಾರಿ ನಂಬಬಾರದು. ಅವು ಬ್ಯಾಂಕುಗಳಲ್ಲ, ಓಂಬುಡ್ಸ್‌ಮನ್ನರ ಕೈಗೆ ಸಿಗುವುದಿಲ್ಲ.

ಇನ್ನು ಬ್ಯಾಂಕುಗಳು ಮಾಡಬೇಕಾದ್ದು. ಪ್ರತಿ ಶಾಖೆಯಲ್ಲೂ ದೂರು ಪುಸ್ತಕ ಇಡಬೇಕು, ಬರೆದ ಕೂಡಲೇ ಹರಿದು ಗಿರಾಕಿಯ ಕೈಗೆ ಕೊಡುವ ಪ್ರತಿ ಅದರಲ್ಲಿರಬೇಕು ಎಂದು ರಿಸರ್ವ್ ಬ್ಯಾಂಕು ಎಂದೋ ಹೇಳಿದೆ. ಚಲನ್ನು, ಅರ್ಜಿ, ಪಾಸ್‌ಬುಕ್ಕು ಕನ್ನಡದಲ್ಲೂ ಸಿಗಬೇಕು ಎಂದೂ ಹೇಳಿದೆ. ದೂರು ಪುಸ್ತಕ ಕೊಡ್ರಿ ಎಂದು ಕೇಳಿ ನೋಡಿದರೆ ಎಷ್ಟು ಶಾಖೆಯಲ್ಲಿ ಬೀರುವಿನಿಂದ ಧೂಳು ಹಾರೀತು, ಎಷ್ಟು ಶಾಖೆಯಲ್ಲಿ ಪುಸ್ತಕವೇ ಸಿಗಲಿಕ್ಕಿಲ್ಲ! ಸಾಲದ ಮೇಳಕ್ಕೆ ಬೀದಿಯ ಉದ್ದಕ್ಕೂ ಬ್ಯಾನರು ಕಟ್ಟಿಸುವವರಿಗೆ ‘ಎಟಿಎಂ ಹಣ 5 ದಿನದಲ್ಲಿ, ತಡವಾದರೆ ದಿನಕ್ಕೆ 100 ರೂ.’ ಎಂಬ ಒಂದು ಸಾಲಿನ ಬೋರ್ಡು ಬರೆಸಲು ಬಣ್ಣ ಸಾಲದೇ ಹೋಯಿತೇ?

ಜಿಲ್ಲೆಯ ಬ್ಯಾಂಕುಗಳ ಪ್ರಗತಿ ಪರಿಶೀಲನಾ ಸಭೆ ಮೂರು ತಿಂಗಳಿಗೊಮ್ಮೆ ನಡೆಯುತ್ತದೆ. ಲೀಡ್ ಬ್ಯಾಂಕಿನವರು ಫೈಲು ಹಿಡಿದು ಬರುತ್ತಾರೆ, ಸಾಲ ಎಷ್ಟು ಹಂಚಿದಿರಿ ಎಂಬ ಲೆಕ್ಕ ಒಪ್ಪಿಸುತ್ತಾರೆ. ಮುಂದಿನ ಸಭೆಯಲ್ಲಿ ಜಿಲ್ಲಾಧಿಕಾರಿಗಳು ಇನ್ನೆರಡು ಲೆಕ್ಕ ಕೇಳಲಿ. ದೂರು ಪುಸ್ತಕ ಎಷ್ಟು ಶಾಖೆಯಲ್ಲಿದೆ? ಕಳೆದ ಮೂರು ತಿಂಗಳಲ್ಲಿ ಈ ಜಿಲ್ಲೆಯ ಗಿರಾಕಿಗಳಿಗೆ ದಿನಕ್ಕೆ 100ರಂತೆ ಒಟ್ಟು ಎಷ್ಟು ರೂಪಾಯಿ ಜಮಾ ಆಗಿದೆ?