ಗೇಮ್ ಮಾಸ್ಟರ್‌ಗೂ ಆಡಲು ಬಿಡಿ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಂಥ ಆಟದಲ್ಲಿ ಕಥೆ ಕಟ್ಟುವುದು, ನಕ್ಷೆ ಬರೆಯುವುದು, ರಾಕ್ಷಸರನ್ನು ಆಡಿಸುವುದು ಎಲ್ಲ ಒಬ್ಬ ಗೇಮ್ ಮಾಸ್ಟರ್ ತಲೆಗೇ. ಉಳಿದವರು ಒಂದೊಂದು ಪಾತ್ರ ವಹಿಸಿ ದಾಳ ಉರುಳಿಸಿದರೆ ಸಾಕು. ಅಷ್ಟಕ್ಕೂ ಕೊನೇ ಗಳಿಗೆಯಲ್ಲಿ ‘ಇವತ್ತು ಆಗಲ್ಲ ಮಾರಾಯ’ ಅಂತ ಮೆಸೇಜು! ನಾಲ್ಕು ಸಂಜೆಯ ತಯಾರಿ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ.

ಬೈದು ಪ್ರಯೋಜನವಿಲ್ಲ, ಸರದಿ ಹಾಕಿ. 1987ರಲ್ಲಿ ಬಂದ ಆರ್ಸ್ ಮ್ಯಾಜಿಕಾದಲ್ಲಿ ಇದಕ್ಕೆ ದಾರಿಯಿದೆ: ಕಥೆ ನಡೆಸುವ ಕೆಲಸ ಕೈ ಬದಲಾಯಿಸುತ್ತದೆ, ನಡೆಸುವವರ ಮಾಂತ್ರಿಕ ಆ ದಿನ ಮನೆಯಲ್ಲೇ ಗ್ರಂಥ ಓದುತ್ತ ಉಳಿಯುತ್ತಾನೆ. ತಪ್ಪಿಸಿಕೊಳ್ಳುವವನಿಗೇ ಒಂದು ಸಂಜೆ ಆಟ ನಡೆಸಲು ಕೊಡಿ. ಖಾಲಿ ಕುರ್ಚಿಗಳೆದುರು ಒಮ್ಮೆ ಕೂತವನು ಆಮೇಲೆ ಬರಲಾಗದಿದ್ದರೆ ಎರಡು ದಿನ ಮೊದಲೇ ಹೇಳುತ್ತಾನೆ. ಅಂಜುವವರಿಗೆ ಒಂದೇ ಸಂಜೆಗೆ ಮುಗಿಯುವ ಕಥೆ ಸಾಕು. ನಿಯಮ ತಪ್ಪಿದರೆ ತಪ್ಪಲಿ, ಪಕ್ಕದಲ್ಲಿ ಹಳೇ ಗೇಮ್ ಮಾಸ್ಟರ್ ಇರುತ್ತಾರಲ್ಲ.