ಮೂರು ತಿಂಗಳ ಲೆಕ್ಕ ಮಾರ್ಚ್‌ವರೆಗೆ ಕಾಯಬಾರದು

ವರ್ಷದ ಲೆಕ್ಕವನ್ನು ಮಾರ್ಚ್ ತಿಂಗಳಿನಲ್ಲಿ ಒಮ್ಮೆ ಸರಿಪಡಿಸಿಕೊಂಡರೆ ಸಾಕೆಂಬ ಭಾವನೆ ಸಣ್ಣ ಉದ್ದಿಮೆಗಳಲ್ಲಿ ಬಹುಕಾಲದಿಂದ ಬೇರೂರಿದೆ. ನಡುವಿನ ತಿಂಗಳುಗಳಲ್ಲಿ ಬ್ಯಾಂಕಿಗೆ ಸಲ್ಲಿಸಬೇಕಾದ ದಾಸ್ತಾನು ತಖ್ತೆಯನ್ನು ಹಿಂದಿನ ತಿಂಗಳ ಅಂಕಿಗಳನ್ನು ಮುಂದಿಟ್ಟುಕೊಂಡು ಅಂದಾಜಿನಿಂದ ತುಂಬುವುದುಂಟು. ಪುಸ್ತಕಗಳು ಹೇಳುವ ಲೆಕ್ಕ ಬೇರೆಯೇ ಆಗಿರುತ್ತದೆ. 2021ರಿಂದೀಚೆಗೆ ಜಾರಿಗೆ ಬಂದ ನಿಯಮಗಳು ಈ ಪದ್ಧತಿಯ ಬುಡವನ್ನೇ ಅಲುಗಿಸಿವೆ. ಕಂಪನಿಯಾಗಿ ನೋಂದಣಿಗೊಂಡಿರುವ ಸಣ್ಣ ತಯಾರಕರು ಮೂರು ತಿಂಗಳಿಗೊಮ್ಮೆ ಪುಸ್ತಕಗಳನ್ನು ಮುಗಿಸುವ ಶಿಸ್ತನ್ನು ಇನ್ನು ಮುಂದೂಡುವಂತಿಲ್ಲ.

ಮಧ್ಯಂತರ ಲೆಕ್ಕಪತ್ರವೆಂದರೆ ಷೇರುಪೇಟೆಯ ದೊಡ್ಡ ಕಂಪನಿಗಳಿಗೆ ಮಾತ್ರ ಸಂಬಂಧಿಸಿದ್ದೆಂಬ ತಿಳಿವಳಿಕೆ ಸಾಮಾನ್ಯವಾಗಿದೆ. ಮುಖ್ಯ ಷೇರುಪೇಟೆಯಲ್ಲಿ ನೋಂದಾಯಿತವಾದ ಕಂಪನಿಗಳು ತ್ರೈಮಾಸಿಕ ಫಲಿತಾಂಶವನ್ನು 45 ದಿನಗಳೊಳಗೆ ಪ್ರಕಟಿಸಬೇಕೆಂದು ಸೆಬಿಯ 2015ರ ನಿಯಮಾವಳಿ ವಿಧಿಸಿದೆ. ಲೆಕ್ಕ ಪರಿಶೋಧಕರ ರಾಷ್ಟ್ರೀಯ ಸಂಸ್ಥೆಯು ರೂಪಿಸಿ 2002ರಲ್ಲಿ ಜಾರಿಗೆ ಬಂದ 25ನೆಯ ಲೆಕ್ಕ ಮಾನದಂಡವಾದರೂ ಇಂಥವರೇ ಮಧ್ಯಂತರ ಲೆಕ್ಕ ಸಿದ್ಧಪಡಿಸಬೇಕೆಂದು ಕಡ್ಡಾಯ ಮಾಡುವುದಿಲ್ಲ. ಸಿದ್ಧಪಡಿಸುವವರು ಅನುಸರಿಸಬೇಕಾದ ಕ್ರಮವನ್ನಷ್ಟೇ ಹೇಳುತ್ತದೆ. ಆದರೆ ದುಡಿಯುವ ಬಂಡವಾಳಕ್ಕಾಗಿ ದಾಸ್ತಾನನ್ನೂ ಬರಬೇಕಾದ ಬಾಕಿಗಳನ್ನೂ ಅಡಮಾನ ಮಾಡಿರುವ ಕಂಪನಿಯು ಬ್ಯಾಂಕಿಗೆ ಕೊಡುವ ತ್ರೈಮಾಸಿಕ ತಖ್ತೆ, ಹೆಸರೇನೇ ಇರಲಿ, ಒಂದು ಬಗೆಯ ಮಧ್ಯಂತರ ಲೆಕ್ಕವೇ ಸರಿ.

ಈ ತಖ್ತೆಗೆ ಕಾನೂನಿನ ಮಹತ್ವ ದೊರೆತದ್ದು ಕಂಪನಿ ಕಾಯ್ದೆಯ ಮೂರನೆಯ ಅನುಸೂಚಿಗೆ ಆದ ತಿದ್ದುಪಡಿಯಿಂದ. 1 ಏಪ್ರಿಲ್ 2021ರಿಂದ, ಚಾಲ್ತಿ ಆಸ್ತಿಗಳ ಭದ್ರತೆಯ ಮೇಲೆ ಸಾಲ ಪಡೆದ ಕಂಪನಿಯು ಬ್ಯಾಂಕಿಗೆ ಸಲ್ಲಿಸಿದ ತ್ರೈಮಾಸಿಕ ತಖ್ತೆಗಳು ಪುಸ್ತಕಗಳೊಂದಿಗೆ ತಾಳೆಯಾಗುತ್ತವೆಯೇ ಎಂಬುದನ್ನು ವಾರ್ಷಿಕ ಲೆಕ್ಕಪತ್ರದಲ್ಲಿಯೇ ತಿಳಿಸಬೇಕು. ತಾಳೆಯಾಗದಿದ್ದಲ್ಲಿ ವ್ಯತ್ಯಾಸದ ವಿವರವನ್ನೂ ಕಾರಣವನ್ನೂ ಕೊಡಬೇಕು. ಮಂಜೂರಾದ ಮಿತಿ ಒಟ್ಟು 5 ಕೋಟಿ ರೂಪಾಯಿಗಳನ್ನು ಮೀರಿದ್ದರೆ, 2020ರ ಲೆಕ್ಕ ಪರಿಶೋಧಕರ ವರದಿ ಆದೇಶವು ಅನ್ವಯವಾಗುವ ಕಂಪನಿಗಳಲ್ಲಿ ಪರಿಶೋಧಕರೂ ಇದನ್ನೇ ಪರಿಶೀಲಿಸಿ ವರದಿ ಮಾಡಬೇಕು. ಇದರ ಜೊತೆಗೆ, ಎರಡು ಬಾರಿ ಮುಂದೂಡಲ್ಪಟ್ಟು 1 ಏಪ್ರಿಲ್ 2023ರಂದು ಜಾರಿಗೆ ಬಂದ ನಿಯಮದಂತೆ, ಕಂಪನಿಗಳು ಬಳಸುವ ಲೆಕ್ಕದ ಸಾಫ್ಟ್‌ವೇರ್ ಪ್ರತಿಯೊಂದು ಬದಲಾವಣೆಯನ್ನೂ ಅದರ ದಿನಾಂಕದೊಂದಿಗೆ ದಾಖಲಿಸತಕ್ಕದ್ದು. ಮಾರ್ಚ್‌ನಲ್ಲಿ ಕುಳಿತು ಸೆಪ್ಟೆಂಬರ್ ತಿಂಗಳ ದಾಸ್ತಾನನ್ನು ತಿದ್ದಿದರೆ ಆ ಗುರುತು ಉಳಿದೇ ಉಳಿಯುತ್ತದೆ.

ಇದರ ಪರಿಣಾಮವನ್ನು ಒಂದು ಕಾಲ್ಪನಿಕ ಉದಾಹರಣೆಯಿಂದ ಅರಿಯಬಹುದು. ಸೆಪ್ಟೆಂಬರ್ ಕೊನೆಯಲ್ಲಿ ಕಂಪನಿಯೊಂದು ಬ್ಯಾಂಕಿಗೆ 1 ಕೋಟಿ 20 ಲಕ್ಷ ರೂಪಾಯಿಗಳ ದಾಸ್ತಾನು ತೋರಿಸಿದೆ. ಪುಸ್ತಕದಲ್ಲಿರುವುದು 95 ಲಕ್ಷ. ಬ್ಯಾಂಕು ಶೇಕಡಾ 25ರಷ್ಟು ಅಂಚು ಹಿಡಿದಿದ್ದರೆ, ಇಲ್ಲದ 25 ಲಕ್ಷದ ದಾಸ್ತಾನಿನ ಮೇಲೆ 18 ಲಕ್ಷ 75 ಸಾವಿರ ರೂಪಾಯಿಗಳವರೆಗೆ ಹೆಚ್ಚಿನ ಸಾಲಕ್ಕೆ ಅವಕಾಶ ದೊರೆತಂತಾಯಿತು. ಇದರಲ್ಲಿ ದುರುದ್ದೇಶ ಇಲ್ಲದಿರಬಹುದು. ಕಚ್ಚಾ ಸಾಮಗ್ರಿಯ ಬಳಕೆಯನ್ನು ಬರೆಯಲು ಗುಮಾಸ್ತರಿಗೆ ಸಮಯ ಸಿಗದಿರಬಹುದು. ಆದರೆ ಸಾಲದ ನವೀಕರಣಕ್ಕೆ ಕುಳಿತ ಅಧಿಕಾರಿಗೆ ಕಾಣುವುದು ಉದ್ದೇಶವಲ್ಲ, ಅಂಕಿ.

ಹಾಗಾದರೆ ತ್ರೈಮಾಸಿಕ ಲೆಕ್ಕವನ್ನು ಮುಗಿಸುವ ಬಗೆ ಹೇಗೆ? 25ನೆಯ ಮಾನದಂಡದ ತಿರುಳು ಸಣ್ಣ ಉದ್ದಿಮೆಗೂ ದಾರಿದೀಪವಾಗಬಲ್ಲದು. ವಾರ್ಷಿಕ ಲೆಕ್ಕದಲ್ಲಿ ಅನುಸರಿಸುವ ನೀತಿಯನ್ನೇ ಮಧ್ಯಂತರದಲ್ಲಿಯೂ ಅನುಸರಿಸಬೇಕು. ದಾಸ್ತಾನಿನ ಮೌಲ್ಯವನ್ನು ತಗಲಿದ ವೆಚ್ಚ ಅಥವಾ ಮಾರಿದರೆ ಕೈಗೆ ಬರುವ ನಿವ್ವಳ ಬೆಲೆ, ಇವೆರಡರಲ್ಲಿ ಕಡಿಮೆಯಾದುದಕ್ಕೆ ಕಟ್ಟಬೇಕು. ಬೇಸಿಗೆಯಲ್ಲಿ ಹೆಚ್ಚು ಮಾರಾಟವಾಗುವ ಸರಕಿನ ಆದಾಯವನ್ನು ವರ್ಷದ ನಾಲ್ಕು ಭಾಗಗಳಿಗೂ ಸಮನಾಗಿ ಹಂಚುವಂತಿಲ್ಲ, ಬಂದಾಗಲೇ ಬರೆಯಬೇಕು. ಜನವರಿಯಲ್ಲಿ ಯಂತ್ರದ ದುರಸ್ತಿ ಮಾಡಿಸುವ ಯೋಚನೆಯಿದೆಯೆಂದು ಜೂನ್‌ನಲ್ಲಿಯೇ ಅದರ ಖರ್ಚನ್ನು ತೋರಿಸುವಂತಿಲ್ಲ. ಆದರೆ ಸವಕಳಿ, ಬಡ್ಡಿ ಮತ್ತು ಕಾರ್ಮಿಕರಿಗೆ ಕೊಡಲೇಬೇಕಾದ ಬೋನಸ್ಸಿನ ಪಾಲನ್ನು ಆಯಾ ಅವಧಿಗೆ ಹಿಡಿಯಬೇಕು. ವರ್ಷದ ನಡುವೆ ಸ್ವಂತ ಇಚ್ಛೆಯಿಂದ ಲೆಕ್ಕದ ನೀತಿಯನ್ನು ಬದಲಿಸಿದರೆ, ಅದೇ ವರ್ಷದ ಹಿಂದಿನ ತ್ರೈಮಾಸಿಕಗಳ ಅಂಕಿಗಳನ್ನೂ ಹೊಸ ನೀತಿಗೆ ಹೊಂದಿಸಿ ಮತ್ತೆ ತೋರಿಸಬೇಕು. ಇಲ್ಲವಾದರೆ ಒಂದು ಅವಧಿಯನ್ನು ಮತ್ತೊಂದರೊಡನೆ ಹೋಲಿಸುವುದೇ ಅರ್ಥಹೀನವಾಗುತ್ತದೆ.

ಹೊಸ ನಿಯಮವನ್ನು ವರ್ಷದ ಕೊನೆಯಲ್ಲಿ ಪಾಲಿಸಲು ಹೊರಡುವುದು ಎಷ್ಟು ದುಬಾರಿಯೆಂಬುದಕ್ಕೆ 2023ರ ಹಣಕಾಸು ಕಾಯ್ದೆ ತಂದ ಬದಲಾವಣೆಯೇ ನಿದರ್ಶನ. ಅತಿಸಣ್ಣ ಮತ್ತು ಸಣ್ಣ ಉದ್ದಿಮೆಗಳಿಗೆ ಸಲ್ಲಬೇಕಾದ ಬಾಕಿಯನ್ನು, ಲಿಖಿತ ಒಪ್ಪಂದವಿದ್ದರೆ ಹೆಚ್ಚೆಂದರೆ 45 ದಿನ, ಇಲ್ಲದಿದ್ದರೆ 15 ದಿನಗಳೊಳಗೆ ತೀರಿಸದಿದ್ದಲ್ಲಿ, ಹಣ ಪಾವತಿಯಾದ ವರ್ಷದಲ್ಲಿ ಮಾತ್ರ ಆ ಖರ್ಚನ್ನು ಆದಾಯದಿಂದ ಕಳೆಯಲು ಅವಕಾಶ ನೀಡಲಾಯಿತು. ಇದು 2023-24ರ ಹಣಕಾಸು ವರ್ಷದ ಲೆಕ್ಕಕ್ಕೇ ಅನ್ವಯಿಸಿತು. ಜೂನ್‌ನಲ್ಲಿಯೇ ಸರಬರಾಜುದಾರರ ನೋಂದಣಿಯನ್ನು ವಿಚಾರಿಸಿ ಬಾಕಿಗಳನ್ನು ವಿಂಗಡಿಸಿದ ಕಂಪನಿಗೆ ಪಾವತಿಯನ್ನು ಹೊಂದಿಸಿಕೊಳ್ಳಲು ಒಂಬತ್ತು ತಿಂಗಳು ದೊರೆಯುತ್ತಿದ್ದವು. ಮಾರ್ಚ್‌ನಲ್ಲಿ ಕಣ್ತೆರೆದವರಿಗೆ ಉಳಿದದ್ದು ಕೆಲವೇ ದಿನ.

ಸಣ್ಣ ಉದ್ದಿಮೆಗಳ ಕಷ್ಟವನ್ನು ಅಲ್ಲಗಳೆಯಲಾಗದು. ಪೂರ್ಣಾವಧಿಯ ಲೆಕ್ಕಿಗರನ್ನು ಇಟ್ಟುಕೊಳ್ಳುವ ಶಕ್ತಿ ಎಲ್ಲರಿಗೂ ಇಲ್ಲ. ಅವಧಿ ಮುಗಿದ ಕೆಲವೇ ದಿನಗಳಲ್ಲಿ ತಖ್ತೆ ಸಲ್ಲಿಸಬೇಕೆಂದು ಬ್ಯಾಂಕು ಒತ್ತಾಯಿಸಿದಾಗ, ಸರಬರಾಜುದಾರರ ಬಿಲ್ಲುಗಳೇ ಇನ್ನೂ ಕೈಸೇರಿರುವುದಿಲ್ಲ. ಪುಸ್ತಕ ಮುಗಿಯುವ ಮುನ್ನ ತಖ್ತೆ ಕೇಳಿ, ಆಮೇಲೆ ಎರಡೂ ತಾಳೆಯಾಗಬೇಕೆನ್ನುವುದು ನ್ಯಾಯಸಮ್ಮತವಲ್ಲ. ತಾತ್ಕಾಲಿಕವೆಂದು ನಮೂದಿಸಿ ಮೊದಲ ತಖ್ತೆಯನ್ನು ಕೊಡಲು, ಪುಸ್ತಕ ಮುಗಿದ ಮೇಲೆ ಪರಿಷ್ಕೃತ ತಖ್ತೆಯನ್ನು ಸಲ್ಲಿಸಲು ಬ್ಯಾಂಕುಗಳು ಏಕರೂಪದ ಏರ್ಪಾಡು ಮಾಡುವುದು ಅಗತ್ಯ. ವಾಣಿಜ್ಯ ಸಂಸ್ಥೆಗಳು ರಾಜ್ಯಮಟ್ಟದ ಬ್ಯಾಂಕರುಗಳ ಸಮಿತಿಯ ಮುಂದೆ ಈ ಬೇಡಿಕೆಯನ್ನು ಇಡಬೇಕು.

ಆದರೆ ಆ ಏರ್ಪಾಡು ಆಗುವವರೆಗೆ ಕೈಕಟ್ಟಿ ಕೂರುವುದು ಜಾಣತನವಲ್ಲ. ಜೂನ್, ಸೆಪ್ಟೆಂಬರ್, ಡಿಸೆಂಬರ್ ಮತ್ತು ಮಾರ್ಚ್ ತಿಂಗಳುಗಳ ಕೊನೆಯ ದಿನ ದಾಸ್ತಾನನ್ನು ಎಣಿಸಿ ಪಟ್ಟಿ ಮಾಡುವುದು, ಖರೀದಿಯನ್ನು ಜಿ.ಎಸ್.ಟಿ. ವಿವರಗಳೊಡನೆ ತಾಳೆ ನೋಡುವುದು, ಬಾಕಿಗಳನ್ನು ಅವಧಿವಾರು ವಿಂಗಡಿಸುವುದು, ಬ್ಯಾಂಕಿಗೆ ಕೊಟ್ಟ ತಖ್ತೆಯ ಪ್ರತಿಯೊಂದಿಗೆ ವ್ಯತ್ಯಾಸದ ಕಾರಣವನ್ನು ಬರೆದಿಡುವುದು, ಇಷ್ಟನ್ನು ಮಾಡಲು ದೊಡ್ಡ ಸಿಬ್ಬಂದಿ ಬೇಕಿಲ್ಲ. ಇಂಥ ಲೆಕ್ಕವು ಬ್ಯಾಂಕಿಗಿಂತ ಮೊದಲು ಮಾಲೀಕರಿಗೇ ಉಪಯುಕ್ತ. ನಷ್ಟವು ಸೆಪ್ಟೆಂಬರ್‌ನಲ್ಲಿ ಕಂಡರೆ ತಡೆಯಲು ಅರ್ಧ ವರ್ಷವಿರುತ್ತದೆ; ಮಾರ್ಚ್‌ನಲ್ಲಿ ಕಂಡರೆ ಅದನ್ನು ಲೆಕ್ಕಕ್ಕೆ ಬರೆಯುವುದಷ್ಟೇ ಉಳಿಯುತ್ತದೆ.