ಸೋಲೋಕೆ ಬರೋ ಮಷೀನ್ ತಗೊಳ್ಳಿ

1/7
"ಚಿಕ್ಕ ಎಲೆಕ್ಟ್ರಾನಿಕ್ ಚೆಸ್ ತಗೋಬೇಕು, ಯಾವುದು ತುಂಬಾ ಸ್ಟ್ರಾಂಗ್?"

ಡಿಎಂ ತೆಗೆದ್ರೆ ಇದೇ ಪ್ರಶ್ನೆ. 2024ರ ಡಿಸೆಂಬರ್‌ನಲ್ಲಿ ಗುಕೇಶ್ 18ನೇ ವಯಸ್ಸಿಗೇ ವಿಶ್ವ ಚಾಂಪಿಯನ್ ಆದಮೇಲೆ ನಮ್ಮ ಕ್ಲಾಸಲ್ಲೂ ಅರ್ಧ ಜನಕ್ಕೆ ಚೆಸ್ ಹುಚ್ಚು ಹಿಡಿದಿದೆ. ಖುಷಿ ವಿಷಯ. ಆದರೆ ಆ ಪ್ರಶ್ನೆಯೇ ತಪ್ಪು. ಅದೇ ಪ್ರಶ್ನೆ ಕೇಳಿ ನಾನು ದುಡ್ಡು ಕಳ್ಕೊಂಡೆ. ದುಡ್ಡು ಹೋದ್ರೆ ಹೋಗಲಿ, ನಮ್ಮಜ್ಜನ ಆಟ ನಿಲ್ಲಿಸಿಬಿಟ್ಟೆ. ಕೊನೇವರೆಗೂ ಓದಿ.

2/7
ಅಜ್ಜ ದಿನಾ ಸಂಜೆ ಜಗಲೀಲಿ ಎದುರುಮನೆ ಮೇಷ್ಟ್ರ ಜೊತೆ ಚೆಸ್ ಆಡ್ತಿದ್ರು. ಮೇಷ್ಟ್ರು ಮಗನ ಮನೆ ಅಂತ ಬೆಂಗಳೂರು ಸೇರಿದರು. ಬೋರ್ಡ್ ಮೂಲೆಗೆ ಹೋಯ್ತು. ನಾನು ಕೂಡಿಟ್ಟ ದುಡ್ಡಲ್ಲಿ ಒಂದು ಕೈಯಲ್ಲಿ ಹಿಡಿಯೋ ಮಷೀನ್ ಕೊಂಡೊಯ್ದೆ. ಡಬ್ಬಿ ಮೇಲೆ ದಪ್ಪಕ್ಷರದಲ್ಲಿ "2000" ಅಂತ ಇತ್ತು. ಎದೆಯುಬ್ಬಿಸಿ ಕೊಟ್ಟೆ.

ಒಂದು ವಾರ ಆಡಿದರು. ಒಂದೂ ಗೆಲ್ಲಲಿಲ್ಲ. ಎಂಟನೇ ದಿನ ಬೀರು ಮೇಲಿಟ್ಟು ಹೇಳಿದರು: "ಇದಕ್ಕೆ ನಾನ್ಯಾಕೆ ಬೇಕು ಮಗಾ? ಒಂದೇ ಆಡ್ಕೊಳ್ಳಲಿ ಬಿಡು."

ನನಗೆ ಬೇಜಾರಾಗಿದ್ದು ಮಷೀನ್ ಮೇಲಲ್ಲ. ನನ್ನ ಬುದ್ಧಿ ಮೇಲೆ.

3/7
ಆ ನಂಬರ್ ಏನು ಅಂತ ತಿಳ್ಕೊಳ್ಳಿ. ಅದು ಎಲೋ ರೇಟಿಂಗ್. ಇಬ್ಬರ ನಡುವೆ 400 ಅಂಕ ಅಂತರ ಇದ್ರೆ, ಲೆಕ್ಕದ ಪ್ರಕಾರ 11 ಆಟದಲ್ಲಿ ಬಲಶಾಲಿಗೆ 10 ಅಂಕ, ಇನ್ನೊಬ್ಬನಿಗೆ 1. ಅಂತರ 800 ಆದ್ರೆ 101ರಲ್ಲಿ 100. ಭಾನುವಾರ ಊಟ ಆದ್ಮೇಲೆ ಒಂದಾಟ ಆಡೋ ನಮ್ಮಂಥೋರಿಗೆ 2000 ಅನ್ನೋದು ಗೋಡೆ. ಗೋಡೆಗೆ ತಲೆ ಚಚ್ಚಿಕೊಂಡ್ರೆ ತಲೆ ಗಟ್ಟಿಯಾಗಲ್ಲ.

ಅದೂ ಅಲ್ದೆ, "ಸ್ಟ್ರಾಂಗ್" ಅನ್ನೋದು ಈಗ ದೊಡ್ಡ ವಿಷಯವೇ ಅಲ್ಲ ಗುರು. 1997ರಲ್ಲಿ ಕಾಸ್ಪರೋವ್‌ರನ್ನ ಸೋಲಿಸೋಕೆ ಐಬಿಎಂನ ಡೀಪ್ ಬ್ಲೂಗೆ ಬೀರು ಗಾತ್ರದ ಯಂತ್ರ ಬೇಕಾಯ್ತು. ಇವತ್ತು ನಿಮ್ಮ ಜೇಬಲ್ಲಿರೋ ಫೋನ್‌ನಲ್ಲಿ ಸ್ಟಾಕ್‌ಫಿಶ್ ಹಾಕಿದ್ರೆ ಅದು ಯಾವ ಮನುಷ್ಯನನ್ನಾದ್ರೂ ಸೋಲಿಸುತ್ತೆ. ಸೋಲಿಸೋ ಯಂತ್ರ ಪುಕ್ಕಟೆ ಸಿಗುತ್ತೆ. ಚೆನ್ನಾಗಿ ಸೋಲೋ ಯಂತ್ರಕ್ಕೇ ಬರ.

4/7
"ಅಯ್ಯೋ, ಲೆವೆಲ್ 1 ಇಟ್ಕೊಂಡ್ರೆ ಆಯ್ತಲ್ಲ?" ಅಂತೀರಾ. ಮೋಸ ಇರೋದೇ ಅಲ್ಲಿ.

ಮಷೀನನ್ನ ದುರ್ಬಲ ಮಾಡೋಕೆ ಸಾಮಾನ್ಯವಾಗಿ ಎರಡು ದಾರಿ. ಒಂದು, ಯೋಚಿಸೋ ಸಮಯ ಅಥವಾ ಎಷ್ಟು ನಡೆ ಮುಂದೆ ನೋಡಬೇಕು ಅನ್ನೋದನ್ನ ಕಡಿಮೆ ಮಾಡೋದು. ಎರಡು, ನಡುನಡುವೆ ಬೇಕಂತಲೇ ತಪ್ಪು ನಡೆ ಆಡಿಸೋದು. ಎರಡನೇದು ಹೇಗಿರುತ್ತೆ ಅಂದ್ರೆ, ಹತ್ತು ನಡೆ ಗ್ರ್ಯಾಂಡ್‌ಮಾಸ್ಟರ್ ಥರ ಆಡಿ, ಹನ್ನೊಂದನೇ ನಡೇಲಿ ಮಂತ್ರಿಯನ್ನ, ಅಂದ್ರೆ ನಮ್ಮ ಕ್ವೀನನ್ನ, ಸುಮ್ನೆ ತಂದು ನಿಮ್ಮ ಕೈಗಿಡುತ್ತೆ. ನೀವು ಗೆದ್ರಿ. ಏನ್ ಗೆದ್ರಿ? ಭಿಕ್ಷೆ.

ಮೇಷ್ಟ್ರು ಹಾಗೆ ಸೋಲ್ತಿರ್ಲಿಲ್ಲ. ಆನೆ ಮೇಲೆ ಕಣ್ಣಿಟ್ಟು ಕುದುರೆ ಮರೀತಿದ್ರು. ಅಜ್ಜ ಅದನ್ನ ಕಾದು ಹಿಡೀತಿದ್ರು. ಮನುಷ್ಯರ ತಪ್ಪಿಗೆ ಒಂದು ಕಾರಣ ಇರುತ್ತೆ, ಹಿಡಿದಾಗ ಅದರ ಸುಖವೇ ಬೇರೆ. ಮನುಷ್ಯರು ಆಡಿದ ಆಟಗಳಿಂದಲೇ ಕಲಿಸಿ, ಮನುಷ್ಯರ ಥರಾನೇ ತಪ್ಪು ಮಾಡೋ ಮಾಯಾ ಅನ್ನೋ ಪ್ರೋಗ್ರಾಂ ಇದೆ. ಲಿಚೆಸ್‌ನಲ್ಲಿ ಅದರ ಜೊತೆ ಆಡಿ ನೋಡಿ, ನಾನು ಹೇಳ್ತಿರೋದು ಅರ್ಥ ಆಗುತ್ತೆ.

5/7
ಈಗ ವಸ್ತುಗಳಿಗೆ ಬರೋಣ.

ಕೈಯಲ್ಲಿ ಹಿಡಿಯೋ ಎಲ್‌ಸಿಡಿ: ಹಗುರ, ಅಗ್ಗ. ಆದರೆ ಕಾಯಿಗಳು ಇರುವೆ ಸಾಲಿನ ಥರ. ಹಿಂದಿನಿಂದ ಬೆಳಕಿಲ್ಲದ ಸ್ಕ್ರೀನ್ ಆದ್ರೆ ರಾತ್ರಿ ಬಸ್ಸಲ್ಲಿ ಏನೂ ಕಾಣಲ್ಲ.

ಒತ್ತಿ ಆಡೋ ಬೋರ್ಡ್: ಕಾಯಿಯನ್ನ ಇದ್ದ ಮನೆ ಮೇಲೊಮ್ಮೆ, ಹೋಗೋ ಮನೆ ಮೇಲೊಮ್ಮೆ ಒತ್ತಬೇಕು. ಮಷೀನ್ ತನ್ನ ನಡೆಯನ್ನ ಚಿಕ್ಕ ದೀಪದಲ್ಲೋ ಸ್ಕ್ರೀನಲ್ಲೋ ತೋರಿಸುತ್ತೆ. ತೂತಿಗೆ ಸಿಕ್ಕಿಸೋ ಕಾಯಿ ಇರೋದು ಸಿಕ್ಕಿದ್ರೆ ಹಂಪ್ ಹಾರಿಸೋ ಬಸ್ಸಲ್ಲೂ ಆಟ ಕೆಡಲ್ಲ. ನಮ್ಮಂಥೋರಿಗೆ ನನ್ನ ಓಟು ಇದಕ್ಕೇ.

ಕಾಯಿ ಎತ್ತಿಟ್ಟರೆ ತಾನೇ ಗುರುತಿಸೋ ಬೋರ್ಡ್: ಡಿಜಿಟಿಯ ಸೆಂಟಾರ್ ಇದಕ್ಕೆ ಉದಾಹರಣೆ. ಫೋನ್ ಬೇಡ, ನಿಮ್ಮ ಆಟ ನೋಡಿ ತನ್ನ ಬಲ ಹೊಂದಿಸ್ಕೊಳ್ಳುತ್ತೆ. ಐಡಿಯಾ ಸರಿಯಾಗಿದೆ. ಆದರೆ ದುಬಾರಿ, ಕಾಲೇಜ್ ಬ್ಯಾಗಿಗೆ ಹಿಡಿಯಲ್ಲ.

ಕಾಯಿ ತಾನೇ ಓಡಾಡೋ ಬೋರ್ಡ್: ಮುಂಬೈನ ಸ್ಕ್ವೇರ್ ಆಫ್ ಮಾಡಿದ್ದು ಇದನ್ನೇ. ಅಡಿಯಲ್ಲಿ ಮ್ಯಾಗ್ನೆಟ್ ಓಡಾಡುತ್ತೆ, ಮೇಲೆ ಕಾಯಿ ಜರುಗುತ್ತೆ. ರೀಲ್ಸ್‌ಗೆ ಸೂಪರ್. ಆದರೆ ಆ್ಯಪ್ ಇಲ್ಲದೆ ಆಡದ ಯಾವುದೇ ಬೋರ್ಡ್ ಕೊಳ್ಳೋಕೆ ಮುಂಚೆ ಯೋಚಿಸಿ: ಆ್ಯಪ್ ನಿಂತ ದಿನ ನಿಮ್ಮ ಕೈಲಿ ಉಳಿಯೋದು ಬರೀ ಹಲಗೆ.

6/7
"ಫೋನ್ ಇರುವಾಗ ಇದೆಲ್ಲ ಯಾಕೆ?" ನ್ಯಾಯವಾದ ಪ್ರಶ್ನೆ. ಫೋನಲ್ಲಿ ಆಡೋಕೆ ಶುರು ಮಾಡಿದ್ದು ಒಂದಾಟ, ಮುಗಿದಿದ್ದು ಒಂದು ನಿಮಿಷದ ಇಪ್ಪತ್ತು ಬುಲೆಟ್. ಮಧ್ಯೆ ಮೂರು ನೋಟಿಫಿಕೇಷನ್. ರೇಟಿಂಗ್ 40 ಇಳಿದ್ರೆ ರಾತ್ರಿ ನಿದ್ದೆ ಇಲ್ಲ. ಅದು ಆಟಾನಾ, ಶೇರು ಮಾರ್ಕೆಟ್ಟಾ? ಮಷೀನ್ ಮುಂದೆ ಕೂತ್ರೆ ನೀವು, ಬೋರ್ಡು, ಅಷ್ಟೇ. ಸೋತಿದ್ದು ಯಾರಿಗೂ ಗೊತ್ತಾಗಲ್ಲ.

ಆದರೆ ಟೂರ್ನಮೆಂಟ್ ಆಡೋ ಆಸೆ ಇದ್ರೆ ಈ ಮಷೀನ್ ಬೇಡವೇ ಬೇಡ. ಸುತ್ತಿಡೋ ವಿನೈಲ್ ಬೋರ್ಡ್ ತಗೊಂಡು ಊರಿನ ಕ್ಲಬ್ ಹುಡುಕಿ.

7/7
ಸೇವ್ ಮಾಡ್ಕೊಳ್ಳಿ. ಅಂಗಡೀಲಿ ಕೇಳಬೇಕಾದ್ದು:

• ಎಲ್ಲಕ್ಕಿಂತ ಕೆಳಗಿನ ಲೆವೆಲ್‌ನಲ್ಲಿ ಒಂದಾಟ ಆಡೋಕೆ ಬಿಡ್ತೀರಾ? ಮೂರಕ್ಕೆ ಒಂದಾದ್ರೂ ಗೆಲ್ಲೋ ಥರ ಇರಬೇಕು.
• ನಡೆ ವಾಪಸ್ ತಗೋಬಹುದಾ? ಕಲಿಯೋದು ಅಲ್ಲೇ.
• ಆಫ್ ಮಾಡಿದ್ರೂ ಅರ್ಧ ಆಟ ನೆನಪಲ್ಲಿರುತ್ತಾ?
• ಬೀಪ್ ಸದ್ದು ನಿಲ್ಲಿಸಬಹುದಾ? ರಾತ್ರಿ ರೈಲಲ್ಲಿ ಬೈಸಿಕೊಳ್ಳಬೇಡಿ.
• ಕಿರಾಣಿ ಅಂಗಡೀಲಿ ಸಿಗೋ ಸೆಲ್ ಸಾಕಾ?
• ಇಂಗ್ಲಿಷ್ ಮೆನು ಓದದೇ ಆಡೋಕಾಗುತ್ತಾ? ಅಜ್ಜನಿಗೆ ಲೆವೆಲ್ ಇಳಿಸೋಕೆ ಗೊತ್ತಾಗದಿದ್ದಕ್ಕೆ ಇದೂ ಒಂದು ಕಾರಣ.

ದಸರಾ ರಜೇಲಿ ಅಜ್ಜನಿಗೆ ಒಂದು ಸೆಕೆಂಡ್‌ಹ್ಯಾಂಡ್ ಒತ್ತಿ ಆಡೋ ಬೋರ್ಡ್ ಕೊಟ್ಟೆ. ಹಳೇದು, ನಿಧಾನ, ಡಬ್ಬೀನೂ ಇಲ್ಲ, ನಂಬರೂ ಇಲ್ಲ. ಲೆವೆಲ್ ನಾನೇ ಇಳಿಸಿಟ್ಟೆ. ಈಗಲೂ ಹೆಚ್ಚಾಗಿ ಸೋಲ್ತಾರೆ. ಆದರೆ ಮೊನ್ನೆ ರಾತ್ರಿ ಒಂಬತ್ತೂವರೆಗೆ ಫೋನ್: "ಮಗಾ, ಇವತ್ತು ಅದರ ಆನೆ ಹೊಡೆದೆ ಕಣೋ. ನಾಳೆ ಬಿಡಲ್ಲ."

"ನಾಳೆ" ಅನ್ನಿಸೋ ಮಷೀನ್ ತಗೊಳ್ಳಿ. ಇನ್ನೂ "2000 ಇರೋದೇ ಬೇಕು" ಅನ್ನೋರು ಕಮೆಂಟಲ್ಲಿ ಬನ್ನಿ, ಜಗಳ ಆಡೋಣ.

#ಚದುರಂಗ #ಚೆಸ್‌ಕನ್ನಡ #ಅಜ್ಜನಬೋರ್ಡು